ಎರಡೂವರೆ ಇಂಚಿನ ಓಬವ್ವ, ಆರು ಅಡಿಯ ಓಬವ್ವ: ಸಣ್ಣ ಪ್ರೊಜೆಕ್ಟರ್ ಜೊತೆ ಎಂಟು ತಿಂಗಳು

ಓಬವ್ವನ ಕಿಂಡಿಯ ಹತ್ತಿರ ಬಂಡೆ ಮೇಲೆ ಕೂತು ಬಿಡಿಸಿದ ಒಂದು ಸ್ಕೆಚ್ ನನ್ನ ಹತ್ತಿರ ಇದೆ. ಕೈಚೀಲದಲ್ಲಿ ಹಿಡಿಸುವ ನೋಟ್‌ಬುಕ್ಕಿನ ಅರ್ಧ ಪುಟ, ಅಗಲ ಐದು ಇಂಚು. ಎಡಗಡೆ ಕಿಂಡಿಯ ಕತ್ತಲು, ಅದರೊಳಗಿಂದ ಹೊರಗೆ ಬರುತ್ತಿರುವ ಒಂದು ತಲೆ. ಬಲಗಡೆ ಒನಕೆ ಎತ್ತಿ ನಿಂತ ಓಬವ್ವ, ಕಾಲ ಬಳಿ ನೀರಿನ ಕೊಡ. ಓಬವ್ವನ ಎತ್ತರ ಎರಡೂವರೆ ಇಂಚು. ಹತ್ತು ನಿಮಿಷದಲ್ಲಿ ಬಂದ ಚಿತ್ರ ಅದು. ಸೊಂಟ ತಿರುಗಿದ ರೀತಿ, ಹಿಮ್ಮಡಿ ನೆಲ ಒತ್ತಿದ ರೀತಿ, ಎಲ್ಲ ತಾನಾಗಿಯೇ ಕೂತುಬಿಟ್ಟಿತ್ತು.

ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯವರು ಗೋಡೆಗೆ ಓಬವ್ವನ ಚಿತ್ರ ಬೇಕು ಅಂದಾಗ ಇದನ್ನೇ ತೋರಿಸಿದೆ. ಅವರಿಗೂ ಹಿಡಿಸಿತು. ಗೋಡೆಯ ಮೇಲೆ ಚಿತ್ರದ ಅಗಲ 12 ಅಡಿ ಆಗಬೇಕಿತ್ತು. ಅಂದರೆ ಸ್ಕೆಚ್ಚಿನ ಸುಮಾರು 29 ಪಟ್ಟು.

ದಾವಣಗೆರೆಯಲ್ಲಿ ಚಿತ್ರಕಲೆ ಓದುವಾಗ ಕಲಿತದ್ದು ಚೌಕ ಹಾಕಿ ದೊಡ್ಡದು ಮಾಡುವ ಪದ್ಧತಿ. ಸ್ಕೆಚ್ಚಿನ ಮೇಲೆ ಸಣ್ಣ ಚೌಕ, ಗೋಡೆ ಮೇಲೆ ದೊಡ್ಡ ಚೌಕ. ಒಂದೊಂದು ಚೌಕದಲ್ಲಿ ಇರುವುದನ್ನು ಅಲ್ಲಲ್ಲಿಗೆ ದಾಟಿಸುತ್ತಾ ಹೋಗುವುದು. ಒಳ್ಳೆಯ ಪದ್ಧತಿಯೇ. ಖರ್ಚಿಲ್ಲ, ಕರೆಂಟು ಬೇಡ. ಆದರೆ ನನ್ನ ಕೈಯಲ್ಲಿ ಪ್ರತಿ ಸಲ ಒಂದೇ ತೊಂದರೆ ಆಗುತ್ತಿತ್ತು. ಚೌಕದಿಂದ ಚೌಕಕ್ಕೆ ಹೋಗುವಾಗ ಗೆರೆ ತುಂಡು ತುಂಡಾಗುತ್ತಿತ್ತು. ಭುಜದಿಂದ ಒನಕೆಯ ತುದಿವರೆಗೆ ಒಂದೇ ಉಸಿರಿನಲ್ಲಿ ಹೋದ ಗೆರೆ ಗೋಡೆ ಮೇಲೆ ಏಳು ಚೌಕದಲ್ಲಿ ಏಳು ಗೆರೆಯಾಗುತ್ತಿತ್ತು. ಎಲ್ಲಾ ಅಳತೆ ಸರಿ ಇರುತ್ತಿತ್ತು, ಚಿತ್ರ ಮಾತ್ರ ಮರದ ಗೊಂಬೆ. ಮನೆಯ ಹಿಂದಿನ ಗೋಡೆ ಮೇಲೆ ಈ ಓಬವ್ವನನ್ನೂ ಎರಡು ಸಲ ಹಾಗೆ ಬಿಡಿಸಿ ನೋಡಿ ಅಳಿಸಿದೆ. ಆಮೇಲೇ ಪ್ರೊಜೆಕ್ಟರ್ ತರಿಸಿದ್ದು.

ಕಂಪನಿ ಹೆಸರು ಹೇಳುತ್ತಿಲ್ಲ. ಇದೇ ತರಹದ ಡಬ್ಬಿ ಆನ್‌ಲೈನ್‌ನಲ್ಲಿ ಹಲವು ಹೆಸರಲ್ಲಿ ಸಿಗುತ್ತದೆ. ಹೆಸರಿಗಿಂತ ಒಳಗೆ ಏನಿದೆ ಅನ್ನುವುದು ಮುಖ್ಯ. ನನ್ನದು ಎಲ್‌ಇಡಿ ದೀಪದ, ಒಂದೇ ಎಲ್‌ಸಿಡಿ ಪರದೆಯ ಮಾದರಿ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಒಂದೂವರೆ ಕಿಲೋ ಹತ್ತಿರ ತೂಕ. ಕೊಟ್ಟದ್ದು ರೂ. 8,490. ಎಚ್‌ಡಿಎಂಐ ಇದೆ, ಪೆನ್‌ಡ್ರೈವ್ ಹಾಕಬಹುದು, ಫೋನಿನ ಪರದೆಯನ್ನೂ ತೋರಿಸುತ್ತದೆ. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ನನಗೆ ಅದೇ ಇಷ್ಟ.

ಡಬ್ಬದ ಮೇಲೆ ದೊಡ್ಡದಾಗಿ 4ಕೆ ಅಂತ ಇರುತ್ತದೆ. ಅದಕ್ಕೆ ಮರುಳಾಗಬೇಡಿ. 4ಕೆ ವಿಡಿಯೊ ಕೊಟ್ಟರೆ ತೆಗೆದುಕೊಳ್ಳುತ್ತದೆ ಅಂತ ಅದರ ಅರ್ಥ, ಗೋಡೆ ಮೇಲೆ 4ಕೆ ಬೀಳುತ್ತದೆ ಅಂತ ಅಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ 'ನೇಟಿವ್ ರೆಸಲ್ಯೂಷನ್' ಅಂತ ಇರುತ್ತದೆ. ಅದನ್ನು ನೋಡಿ. ನನ್ನದು 1280×720, ಅಂದರೆ ಅಡ್ಡಕ್ಕೆ 1280 ಚುಕ್ಕಿ, ಎತ್ತರಕ್ಕೆ 720. ಇನ್ನೂ ಅಗ್ಗದವುಗಳಲ್ಲಿ 800×480 ಇರುತ್ತದೆ. ಇದು ನಮ್ಮ ಕೆಲಸಕ್ಕೆ ಹೇಗೆ ತಟ್ಟುತ್ತದೆ ಅಂದರೆ, 12 ಅಡಿ ಅಗಲಕ್ಕೆ ಎಳೆದಾಗ ನನ್ನ ಪ್ರೊಜೆಕ್ಟರಿನ ಒಂದೊಂದು ಚುಕ್ಕಿ ಮೂರು ಮಿಲಿಮೀಟರ್ ಹತ್ತಿರ ಆಗುತ್ತದೆ. ಗೋಡೆ ಚಿತ್ರಕ್ಕೆ ಅಷ್ಟು ಸಾಕು. 800 ಚುಕ್ಕಿಯದ್ದಾದರೆ ನಾಲ್ಕೂವರೆ ಮಿಲಿಮೀಟರ್. ಕಣ್ಣು, ಬೆರಳು ಇರುವ ಕಡೆ ಅದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಬೆಳಕಿನ ಲೆಕ್ಕವೂ ಹಾಗೇ. 9000 ಲುಮೆನ್, 12000 ಲುಮೆನ್ ಅಂತ ಹಾಕಿರುತ್ತಾರೆ. ನೋಡಬೇಕಾದದ್ದು ಆನ್ಸಿ ಲುಮೆನ್. ಪರದೆಯ ಒಂಬತ್ತು ಕಡೆ ಬೆಳಕು ಅಳೆದು ಸರಾಸರಿ ತೆಗೆದ ಅಳತೆ ಅದು. ಈ ಬೆಲೆಯಲ್ಲಿ ಅದು ಕೆಲವು ನೂರು ಮಾತ್ರ. ನನ್ನದರ ಮೇಲೆ 250 ಅಂತ ಇದೆ. ಇನ್ನೊಂದು ವಿಷಯ ಮರೆಯಬಾರದು. 3 ಅಡಿ ಅಗಲದ ಚಿತ್ರವನ್ನು 12 ಅಡಿಗೆ ಎಳೆದರೆ ಅದೇ ಬೆಳಕು 16 ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಮನೆಯ ಕೋಣೆಯಲ್ಲಿ ಹಗಲು ಪರದೆ ಎಳೆದು ಕೆಲಸ ಮಾಡಬಹುದು. ಶಾಲೆಯ ಹೊರಗೋಡೆ ಅಂದರೆ ಪೂರ್ತಿ ಕತ್ತಲಾಗಲೇಬೇಕು. ಚಿತ್ರದುರ್ಗದ ಕಡೆ ಬೇಸಿಗೆಯಲ್ಲಿ ಏಳು ಗಂಟೆಗೂ ಆಕಾಶದಲ್ಲಿ ಬೆಳಕಿರುತ್ತದೆ. ಏಳೂಕಾಲಿನ ಮೊದಲು ನನಗೆ ಗೆರೆ ಕಾಣುತ್ತಿರಲಿಲ್ಲ.

ಮೊದಲು ಬಂದ ಪೀಸ್ ಸರಿ ಇರಲಿಲ್ಲ. ನಡುವೆ ಫೋಕಸ್ ಮಾಡಿದರೆ ಬಲಗಡೆ ಮೇಲಿನ ಮೂಲೆ ಮಂಜು. ಮೂಲೆ ಸರಿ ಮಾಡಿದರೆ ನಡು ಮಂಜು. ಸಿನಿಮಾ ಹಾಕಿ ನೋಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಾನು ಹಾಕಿದ್ದು ನನ್ನದೇ ಒಂದು ಪುಟ. ಬಿಳಿ ಮೇಲೆ ತೆಳು ಚೌಕಗಳು, ನಾಲ್ಕು ಮೂಲೆಗೆ ಮತ್ತು ನಡುವಿಗೆ ಒಂದೊಂದು ಕೂಡು ಗುರುತು. ಅದರಲ್ಲಿ ತಕ್ಷಣ ಕಂಡಿತು. ವಾಪಸ್ ಕಳಿಸಿದೆ. ಮಾರಿದವರು ಮೊದಲು 'ಕೀಸ್ಟೋನ್ ಸರಿ ಮಾಡಿಕೊಳ್ಳಿ ಮೇಡಂ' ಅಂತ ಎರಡು ದಿನ ಆಡಿಸಿದರು. ಫೋಟೊ ತೆಗೆದು ಕಳಿಸಿದ ಮೇಲೆ ಬದಲಿ ಕೊಟ್ಟರು. ಎರಡನೆಯದರಲ್ಲೂ ಅಂಚು ಒಂಚೂರು ಮೆತ್ತಗಿದೆ, ಈ ಬೆಲೆಯ ಲೆನ್ಸಿಗೆ ಅಷ್ಟು ಒಪ್ಪಿಕೊಳ್ಳಬೇಕು. ವಾಪಸ್ ಮಾಡುವ ದಿನ ಮುಗಿಯುವುದರೊಳಗೆ ಇಂಥ ಚೌಕದ ಪುಟ ಹಾಕಿ ನೋಡಿ. ದಯವಿಟ್ಟು ನೋಡಿ.

ಕೀಸ್ಟೋನ್ ಬಗ್ಗೆ ಹೇಳಲೇಬೇಕು. ಪ್ರೊಜೆಕ್ಟರನ್ನು ಕೆಳಗಿಟ್ಟು ಮೂತಿ ಮೇಲೆತ್ತಿದರೆ ಚಿತ್ರದ ಮೇಲ್ಭಾಗ ಅಗಲ, ಕೆಳಭಾಗ ಕಿರಿದು ಆಗುತ್ತದೆ. ಅದನ್ನು ಸರಿ ಮಾಡಲು ಒಂದು ಗುಂಡಿ ಕೊಟ್ಟಿರುತ್ತಾರೆ. ಆ ಗುಂಡಿ ಚಿತ್ರವನ್ನೇ ಒಳಗೆ ಹಿಸುಕಿ ಚೌಕ ಮಾಡುತ್ತದೆ. ಮೊದಲೇ ಕಮ್ಮಿ ಇರುವ ಚುಕ್ಕಿಗಳು ಇನ್ನೂ ಕಮ್ಮಿ ಆಗುತ್ತವೆ, ತೆಳು ಗೆರೆಗಳು ಒಡೆಯುತ್ತವೆ. ನಾನು ಆ ಗುಂಡಿ ಮುಟ್ಟುವುದಿಲ್ಲ. ಕ್ಯಾಮೆರಾ ಟ್ರೈಪಾಡಿನ ಕಾಲಿಂಚು ತಿರುಪು ಪ್ರೊಜೆಕ್ಟರಿಗೂ ಸರಿಹೊಂದುತ್ತದೆ. ನಮ್ಮ ಬೀದಿಯ ಫೋಟೊ ಸ್ಟುಡಿಯೋದಿಂದ ಹಳೆಯ ಗಟ್ಟಿ ಟ್ರೈಪಾಡ್ ಒಂದನ್ನು ಕೊಂಡೆ. ಡಬ್ಬಿ ಜೊತೆ ಕೊಡುವ ಮೂರು ಕಾಲಿನ ಆಟಿಕೆಯನ್ನು ನಂಬಬೇಡಿ. ಗೋಡೆಗೆ ನೇರ ನಿಲ್ಲಿಸಿ, ಮೇಲೆ ರಸಮಟ್ಟ ಇಟ್ಟು ನೋಡಿ, ಆಮೇಲೆ ಟೇಪು ಹಿಡಿದು ಅಳೆಯುತ್ತೇನೆ.

ಈ ಅಳತೆಯಲ್ಲಿ ಒಂದು ಸಲ ಸರಿಯಾಗಿ ಏಟು ತಿಂದಿದ್ದೇನೆ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದೆ. ಎರಡೂ ಸಮ ಬಂದವು. ಸರಿ ಇದೆ ಅಂದುಕೊಂಡು ಒಂದೂವರೆ ಗಂಟೆ ಬಿಡಿಸಿದೆ. ಬೆಳಿಗ್ಗೆ ನೋಡಿದರೆ ಓಬವ್ವನ ಭುಜ ಅಗಲ, ಕಾಲು ಸಣ್ಣ. ಚಿತ್ರ ಎರಡೂ ಕಡೆಗೆ ಸಮವಾಗಿ ಅರಳಿದ್ದರೆ ಮೂಲೆ ಅಳತೆ ಸಮವೇ ಬರುತ್ತದೆ, ಅಲ್ವಾ? ಅದು ಹೊಳೆದಿರಲಿಲ್ಲ. ಈಗ ಮೊದಲು ಮೇಲಿನ ಅಗಲ ಮತ್ತು ಕೆಳಗಿನ ಅಗಲ, ನಂತರ ಎಡ ಎತ್ತರ ಮತ್ತು ಬಲ ಎತ್ತರ, ಕೊನೆಗೆ ಮೂಲೆ ಅಳತೆ. ಮೂರೂ ಹೊಂದಿದ ಮೇಲೆಯೇ ಪೆನ್ಸಿಲ್ ಮುಟ್ಟುವುದು.

ದೂರದ ಲೆಕ್ಕ ಸುಲಭ. ನನ್ನದರಲ್ಲಿ ಒಂದು ಅಡಿ ಅಗಲದ ಚಿತ್ರಕ್ಕೆ ಒಂದೂಕಾಲು ಅಡಿ ದೂರ ಬೇಕು. 12 ಅಡಿಗೆ 15 ಅಡಿ. ಶಾಲೆಯ ಅಂಗಳದಲ್ಲಿ ಜಾಗಕ್ಕೇನು ಕೊರತೆ ಇರಲಿಲ್ಲ. ಜೋಗಿಮಟ್ಟಿ ರಸ್ತೆಯ ನಮ್ಮ ಮನೆಯ ಕೋಣೆ 10 ಅಡಿಯದ್ದು, ಅಲ್ಲಿ ಏಳು ಅಡಿ ಚಿತ್ರವೇ ಹೆಚ್ಚು. ತೊಂದರೆ ಇರುವುದು ಚಿಕ್ಕ ಕೆಲಸದಲ್ಲಿ. ನಾಲ್ಕು ಅಡಿಗಿಂತ ಹತ್ತಿರ ತಂದರೆ ಇದರಲ್ಲಿ ಫೋಕಸ್ಸೇ ಕೂರುವುದಿಲ್ಲ. ನಾಲ್ಕು ಅಡಿ ದೂರದಲ್ಲಿ ಚಿತ್ರದ ಅಗಲ ಮೂರು ಅಡಿ ದಾಟಿರುತ್ತದೆ. ಅದರಲ್ಲಿ ಒಂದು ಎ3 ಹಾಳೆಗೆ ಸಿಗುವುದು ಅಡ್ಡಕ್ಕೆ ಸುಮಾರು 550 ಚುಕ್ಕಿ ಮಾತ್ರ. ಮಕ್ಕಳ ಪುಸ್ತಕದ ಚಿತ್ರಗಳಿಗೆ ನಾನು ಎ3 ಹಾಳೆಯಲ್ಲೇ ಕೆಲಸ ಮಾಡುವುದು. ಅದಕ್ಕೆ ಇದು ಪ್ರಯೋಜನ ಇಲ್ಲ. ಸ್ಕೆಚ್ಚನ್ನು ಅಂಗಡಿಯಲ್ಲಿ ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ಲೈಟ್ ಬಾಕ್ಸ್ (ಅಡಿಯಿಂದ ಬೆಳಕು ಬರುವ ಹಲಗೆ) ಮೇಲಿಟ್ಟರೆ ಎಷ್ಟೋ ಚೆನ್ನಾಗಿ ಆಗುತ್ತದೆ. ಜಲವರ್ಣದ ಪೂರ್ತಿ ಹಾಳೆ, 22×30 ಇಂಚಿನದು, ಅದಕ್ಕೆ ಮಾತ್ರ ಪ್ರೊಜೆಕ್ಟರ್ ಹಾಕುತ್ತೇನೆ. 300 ಜಿಎಸ್‌ಎಂ ಕಾಗದ ದಪ್ಪ. ಅದರಡಿ ಲೈಟ್ ಬಾಕ್ಸಿನ ಬೆಳಕು ಮಂಕಾಗುತ್ತದೆ. ಅಷ್ಟು ದೊಡ್ಡ ಲೈಟ್ ಬಾಕ್ಸ್ ಮನೆಯಲ್ಲಿ ಎಲ್ಲಿಂದ ತರುವುದು?

ಸ್ಕೆಚ್ಚನ್ನು ಸ್ಕ್ಯಾನ್ ಮಾಡಿ ಕೆಂಪು ಗೆರೆಯಾಗಿ ಬದಲಾಯಿಸುತ್ತೇನೆ. ಈ ಒಂದು ಉಪಾಯ ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಕಪ್ಪು ಗೆರೆಯನ್ನೇ ಬಿಟ್ಟರೆ ಗೋಡೆ ಮೇಲೆ ಯಾವುದು ಬೆಳಕಿನ ಗೆರೆ, ಯಾವುದು ನಾನು ಎಳೆದ ಗೆರೆ ಗೊತ್ತಾಗುವುದಿಲ್ಲ. ಪ್ರೊಜೆಕ್ಟರ್ ಆರಿಸಿದಾಗ ಅರ್ಧ ಕೈಯೇ ಬಿಟ್ಟುಹೋಗಿರುತ್ತದೆ. ಕೆಂಪಾದರೆ ಎಳೆದಷ್ಟೂ ಕಪ್ಪಾಗಿ ಎದ್ದು ಕಾಣುತ್ತದೆ. ಪೆನ್‌ಡ್ರೈವಿಗೆ ಜೆಪಿಜಿ ಮಾಡಿ ಹಾಕಿ. ನನ್ನದು ಪಿಡಿಎಫ್ ಓದುವುದಿಲ್ಲ. ಫೋನಿಂದ ತೋರಿಸುವುದಾದರೆ ಪರದೆ ತಾನಾಗಿ ಆರದಂತೆ ಮೊದಲು ಸೆಟ್ಟಿಂಗ್ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಏಣಿ ಮೇಲಿಂದ ಐದೈದು ನಿಮಿಷಕ್ಕೆ ಇಳಿಯಬೇಕಾಗುತ್ತದೆ.

ಇನ್ನು ನೆರಳು. ನಾನು ಬಲಗೈಯಲ್ಲಿ ಬಿಡಿಸುವವಳು. ಗೋಡೆಯ ಬಲ ಅರ್ಧದಲ್ಲಿ ಕೆಲಸ ಮಾಡುವಾಗ ಬೆಳಕು ಎಡದಿಂದ ಬರುತ್ತದೆ. ಕೈಯ ನೆರಳು ಬಲಕ್ಕೆ ಬೀಳುತ್ತದೆ, ಪೆನ್ಸಿಲ್ ತುದಿ ಚೆನ್ನಾಗಿ ಕಾಣುತ್ತದೆ. ಎಡ ಅರ್ಧಕ್ಕೆ ಬಂದರೆ ನೆರಳು ತುದಿಯ ಮೇಲೆಯೇ. ಅಲ್ಲಿಗೆ ಚಾರ್ಕೋಲನ್ನು ಒಂದು ಮೊಳದ ಬಿದಿರು ಕಡ್ಡಿಗೆ ಕಟ್ಟಿಕೊಂಡೆ. ಕೈ ದೂರ ನಿಲ್ಲುತ್ತದೆ, ಗೆರೆಯೂ ಭುಜದಿಂದ ಬರುತ್ತದೆ. ಮಣಿಕಟ್ಟಿನ ಕುಯ್ಯುವ ಗೆರೆ ಅಲ್ಲ, ಅಗಲವಾದ ಗೆರೆ. ಈಗ ಬಲಗಡೆಗೂ ಅದೇ ಕಡ್ಡಿ.

ಗೋಡೆಯ ಹತ್ತಿರ ನಿಂತು ನೋಡಿದಾಗ ಏನು ಕಾಣುತ್ತದೆ ಅಂತ ಯಾರೂ ಹೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅರ್ಧ ಮಿಲಿಮೀಟರ್ ಇದ್ದ ಪೆನ್ಸಿಲ್ ಗೆರೆ ಗೋಡೆ ಮೇಲೆ ಬೆರಳಷ್ಟು ದಪ್ಪ ಆಗಿರುತ್ತದೆ. ಅಂಚು ಪುಡಿಪುಡಿ. ಕಾಗದದ ಮೇಲೆ ಎಲ್ಲೆಲ್ಲಿ ಒತ್ತಿದ್ದೆ, ಎಲ್ಲಿ ಹಗುರ ಬಿಟ್ಟಿದ್ದೆ, ಎಲ್ಲ ದೊಡ್ಡದಾಗಿ ಬಂದಿರುತ್ತದೆ. ಮೊಣಕೈ ಇರುವ ಕಡೆ ಒಂದಲ್ಲ, ಮೂರು ಗೆರೆ. ಹುಡುಕುತ್ತಾ ಹಾಕಿದ ಗೆರೆಗಳು. ಈಗ ಯಾವುದರ ಮೇಲೆ ಪೆನ್ಸಿಲ್ ಇಡುವುದು? ಬೆರಳು ದಪ್ಪದ ಗೆರೆಯ ಒಳ ಅಂಚು ಹಿಡಿದರೆ ತೋಳು ಬಡವಾಗುತ್ತದೆ. ಹೊರ ಅಂಚು ಹಿಡಿದರೆ ಊದಿಕೊಳ್ಳುತ್ತದೆ. ನನ್ನ ಅಂಗೈ ಹಿಂಭಾಗದ ಮೇಲೆ ಓಬವ್ವನ ಮೊಣಕೈ ಕೆಂಪಾಗಿ ಬಿದ್ದಿತ್ತು, ಗೆಣ್ಣುಗಳ ಮೇಲೆ ಹತ್ತಿ ಇಳಿದಿತ್ತು. ಕೈ ತೆಗೆದೆ, ಗೋಡೆಗೆ ಹೋಯಿತು. ಮತ್ತೆ ಇಟ್ಟೆ, ಕೈಮೇಲೆ ಬಂತು. ಆಗ ನನ್ನದೇ ಮೊಣಕೈ ಮಡಚಿ ಮುಟ್ಟಿ ನೋಡಿಕೊಂಡೆ. ಮೂಳೆ ಎಲ್ಲಿ ಚೂಪಾಗುತ್ತದೋ ಅಲ್ಲಿಗೆ ನಡುವಿನ ಗೆರೆಯನ್ನೇ ಹಿಡಿದೆ, ಕೆಳಗೆ ಮಾಂಸ ಇರುವಲ್ಲಿ ಹೊರ ಅಂಚಿಗೆ ಜರುಗಿದೆ.

ಪ್ರೊಜೆಕ್ಟರ್ ಇಟ್ಟುಕೊಂಡರೆ ಮೋಸ, ಕಾಪಿ ಹೊಡೆಯುವುದು ಅನ್ನುವವರಿಗೆ ನಾನು ಈ ಮೊಣಕೈಯನ್ನೇ ತೋರಿಸುತ್ತೇನೆ. ಇದು ಕೊಡುವುದು ಜಾಗ. ತಲೆ ಎಲ್ಲಿ, ಪಾದ ಎಲ್ಲಿ, ಒನಕೆ ಎಷ್ಟು ಓರೆ. ಗೆರೆ ನಾವೇ ಬಿಡಿಸಬೇಕು. ಗೆರೆಯನ್ನೂ ಅದೇ ಕೊಡಲಿ ಅಂತ ಅಂಚು ಹಿಡಿದು ಸುಮ್ನೆ ಎಳೆಯುತ್ತಾ ಹೋದರೆ ಚಿತ್ರ ಸತ್ತೇ ಹೋಗುತ್ತದೆ. ಬೇರೆಯವರ ಚಿತ್ರ ಇಳಿಸಿಕೊಂಡು ಗೋಡೆಗೆ ಬಿಟ್ಟು ಎಳೆಯುವುದು ಮಾತ್ರ ತಪ್ಪು. ಅದು ಪ್ರೊಜೆಕ್ಟರಿನ ತಪ್ಪಲ್ಲ.

ಕೊರತೆಗಳನ್ನೂ ಹೇಳುತ್ತೇನೆ. ಹಚ್ಚಿದ ಮೇಲೆ ಬಿಸಿಯಾಗುತ್ತಾ ಫೋಕಸ್ ಜರುಗುತ್ತದೆ. ಹಾಗಾಗಿ ಹಚ್ಚಿದ ತಕ್ಷಣ ಬಿಡಿಸಲು ಶುರು ಮಾಡುವುದಿಲ್ಲ. ಇಪ್ಪತ್ತು ನಿಮಿಷ ಓಡಲು ಬಿಟ್ಟು ಆಮೇಲೆ ಫೋಕಸ್ ಹಿಡಿಯುತ್ತೇನೆ. ಫ್ಯಾನಿನ ಸದ್ದು ಜೋರು, ಮುಚ್ಚಿದ ಕೋಣೆಯಲ್ಲಿ ತಲೆನೋವು ಬರುತ್ತದೆ. ಆ ಫ್ಯಾನು ಧೂಳನ್ನೂ ಒಳಗೆ ಎಳೆಯುತ್ತದೆ. ನಮ್ಮ ಕಡೆಯ ಗಾಳಿ, ನಮ್ಮ ಕಡೆಯ ಧೂಳು ಗೊತ್ತಲ್ಲ. ಐದನೇ ತಿಂಗಳಿಗೆ ಚಿತ್ರದ ಎಡಗಡೆ ಒಂದು ಮಂಕು ಮಚ್ಚೆ ಬಂತು. ಒಳಗಿನ ಪರದೆ ಮೇಲೆ ಧೂಳು ಕೂತಿದೆ. ಸಿನಿಮಾ ನೋಡುವವರಿಗೆ ಬೇಜಾರಾಗಬಹುದು, ನನ್ನ ಕೆಲಸಕ್ಕೆ ಅಡ್ಡಿ ಆಗಿಲ್ಲ. ಕೆಲಸ ಮುಗಿದ ಮೇಲೆ ಬಟ್ಟೆ ಚೀಲಕ್ಕೆ ಹಾಕಿಡುತ್ತೇನೆ. ಓಡುವಾಗ ಮಾತ್ರ ಏನನ್ನೂ ಹೊದಿಸಬಾರದು.

ಹಳ್ಳಿಯಲ್ಲಿ ಎರಡನೇ ರಾತ್ರಿ ಕರೆಂಟ್ ಹೋಯಿತು. ಅದೇ ಗಡಿಬಿಡಿಯಲ್ಲಿ ಒಬ್ಬ ಹುಡುಗನ ಕಾಲು ವೈರಿಗೆ ಸಿಕ್ಕಿ ಟ್ರೈಪಾಡ್ ಅಲುಗಿತು. ಕರೆಂಟ್ ಬಂದಾಗ ನೋಡಿದರೆ ಬೆಳಕಿನ ಓಬವ್ವ, ನಾನು ಬಿಡಿಸಿದ ಓಬವ್ವನಿಗಿಂತ ಎರಡು ಇಂಚು ಪಕ್ಕಕ್ಕೆ ನಿಂತಿದ್ದಳು. ಗಾಬರಿ ಆಗಲಿಲ್ಲ, ಯಾಕೆಂದರೆ ಮೊದಲೇ ನಾಲ್ಕು ಮೂಲೆಗೆ ಗೋಡೆ ಮೇಲೆ ಗುರುತು ಹಾಕಿದ್ದೆ, ಟ್ರೈಪಾಡಿನ ಮೂರು ಕಾಲಿಗೂ ನೆಲದಲ್ಲಿ ಸುಣ್ಣದ ಗುರುತು ಇತ್ತು. ಹತ್ತು ನಿಮಿಷದಲ್ಲಿ ಮತ್ತೆ ಕೂರಿಸಿದೆ. ಆ ಗುರುತು ಇಲ್ಲದಿದ್ದರೆ ಆ ರಾತ್ರಿಯ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಇದು ಎಳೆಯುವುದು 65 ವ್ಯಾಟ್ ಅಷ್ಟೇ. ಮನೆಯ ಇನ್ವರ್ಟರ್‌ನಲ್ಲಿ ಆರಾಮಾಗಿ ಓಡುತ್ತದೆ.

ಬೆಳಕಿಗೆ ಹುಳುಗಳೂ ಬಂದವು, ಹುಳುಗಳ ಹಿಂದೆ ಹಲ್ಲಿಗಳು, ಅವುಗಳ ಜೊತೆ ಊರಿನವರು. ಒಬ್ಬ ಅಜ್ಜಿ ಬಂದು, "ಏನವ್ವ, ಸಿನಿಮಾ ತೋರಿಸ್ತೀಯೇನು?" ಅಂದರು. "ಇಲ್ಲಜ್ಜಿ, ಓಬವ್ವನ ಚಿತ್ರ ಬಿಡಿಸ್ತಿದೀನಿ" ಅಂದೆ. ಜಗಲಿ ಮೇಲೆ ಕೂತರು. ತುಂಬಾ ಹೊತ್ತು ಮಾತಾಡಲಿಲ್ಲ. ಕೈ ಬಿಡಿಸಿ ಮುಗಿಸಿ ಏಣಿಯಿಂದ ಇಳಿದಾಗ ಹತ್ತಿರ ಕರೆದರು. "ಒನಕೆ ನಡು ಹಿಡಿಯೋದು ಭತ್ತ ಕುಟ್ಟೋಕೆ ಕಣವ್ವ. ಹಿಂಗೆ ನಡು ಹಿಡಿದ್ರೆ ಏಟು ಬೀಳುತ್ತೇನು? ಒಂದು ಕೈ ಕೆಳಗಿರಬೇಕು." ಎದ್ದು ನಿಂತು ತೋರಿಸಿದರು. ಎರಡೂ ಮುಷ್ಟಿ, ನಡುವೆ ಒಂದು ಗೇಣು ಅಂತರ, ಕೆಳಗಿನ ಕೈ ಹೊಟ್ಟೆಯ ಪಕ್ಕಕ್ಕೆ. ಅವರ ಮೈಯೇ ಆ ಕಡೆಗೆ ತಿರುಗಿತು.

ನಾನು ಒನಕೆ ಹಿಡಿದು ಕುಟ್ಟಿದವಳಲ್ಲ. ಕಿಂಡಿಯ ಮುಂದೆ ಕೂತು ಬಿಡಿಸಿದಾಗ ಕೈ ನಡುವಿಗೇ ಹೋಗಿತ್ತು, ಚೆಂದ ಕಂಡಿತ್ತು, ಬಿಟ್ಟಿದ್ದೆ. ಎರಡೂವರೆ ಇಂಚಿನಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಆರು ಅಡಿಯಲ್ಲಿ ಗೊತ್ತಾಗುತ್ತದೆ. ಮತ್ತೆ ಏಣಿ ಹತ್ತಿದೆ. ಬಟ್ಟೆಯಿಂದ ಚಾರ್ಕೋಲ್ ಒರೆಸಿ ಎಡಗೈಯನ್ನು ಒಂದು ಗೇಣು ಕೆಳಗೆ ತಂದೆ. ಕೆಂಪು ಗೆರೆ ಇನ್ನೂ ಹಳೆಯ ಜಾಗದಲ್ಲೇ ಇತ್ತು. ಅದು ಕಣ್ಣಿಗೆ ಅಡ್ಡ ಬರುತ್ತಿತ್ತು ಅಂತ ತಮ್ಮನಿಗೆ ಹೇಳಿ ಪ್ರೊಜೆಕ್ಟರ್ ಆರಿಸಿಸಿದೆ. ಅವನ ಫೋನಿನ ಟಾರ್ಚ್ ಬೆಳಕಿನಲ್ಲಿ, ಅಜ್ಜಿಯನ್ನು ಇನ್ನೊಂದು ಸಲ ಹಾಗೆ ನಿಲ್ಲಿ ಅಂತ ಕೇಳಿಕೊಂಡು, ಆ ಕೈ ಬಿಡಿಸಿದೆ.

ಗೋಡೆ ಕೆಲಸ ಮಾಡುವವರು, ಬ್ಯಾನರ್ ಅಳತೆಯ ಚಿತ್ರ ಬಿಡಿಸುವವರು ಇದನ್ನು ಕೊಳ್ಳಬಹುದು. ರೂ. 8,490ಕ್ಕೆ ನನಗೆ ಬೇಜಾರಿಲ್ಲ. ಮೊದಲ ಎರಡು ಗೋಡೆಗಳಲ್ಲೇ ದುಡಿದುಕೊಟ್ಟಿದೆ. ಚೌಕ ಹಾಕಿ ಮೂರು ದಿನ ಹಿಡಿಯುತ್ತಿದ್ದ ಕೆಲಸ ಎರಡು ರಾತ್ರಿಗೆ ಬಂದಿದೆ. ಮೇಜಿನ ಮೇಲೆ ಹಾಳೆ ಇಟ್ಟು ಕೆಲಸ ಮಾಡುವವರಿಗೆ ಬೇಡ, ಆ ದುಡ್ಡಿಗೆ ಒಳ್ಳೆಯ ಲೈಟ್ ಬಾಕ್ಸೂ ಕಾಗದವೂ ಬರುತ್ತದೆ. ಕೊಳ್ಳುವುದಾದರೆ ಟ್ರೈಪಾಡಿಗೆ, 10 ಮೀಟರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದು ಎರಡು ಸಾವಿರ ಜೊತೆಗೆ ಎತ್ತಿಡಿ. ನನ್ನ ಚೌಕದ ಪುಟ ಬೇಕಾದವರು ಕೇಳಿ, ಕಳಿಸುತ್ತೇನೆ.